ಗಾಳಿ ಬಂದಾಗ ತೂರಿಕೋ: ವೈರ್‌ಲೆಸ್ ಲಿಂಕಿನ ಲೆಕ್ಕಾಚಾರ

ಸಿಗ್ನಲ್ ಕುಸಿದಾಗ ಟವರ್ ಏನು ಮಾಡಬೇಕು? ನಮ್ಮಲ್ಲಿ ಹೆಚ್ಚಿನವರು ಥಟ್ಟಂತ ಹೇಳೋದು, ‘ಪವರ್ ಜಾಸ್ತಿ ಮಾಡಬೇಕು’ ಅಂತ. ದೂರದಲ್ಲಿದ್ದವರನ್ನು ಕೂಗಿ ಕರೆದ ಹಾಗೆ. ಆದರೆ ಒಟ್ಟಾರೆ ಹೆಚ್ಚು ಡೇಟಾ ಸಾಗಿಸೋದೇ ಗುರಿಯಾದರೆ ಈ ಉತ್ತರ ತಲೆಕೆಳಗಾಗುತ್ತದೆ.

ಟವರ್‌ನಿಂದ ಹೊರಟ ಅಲೆ ಕಟ್ಟಡ, ವಾಹನಗಳಿಗೆ ಬಡಿದು ಹಲವು ದಾರಿಗಳಲ್ಲಿ ಫೋನಿಗೆ ಬರುತ್ತದೆ. ಆ ಪ್ರತಿಗಳು ಒಮ್ಮೆ ಕೂಡಿಕೊಳ್ಳುತ್ತವೆ, ಒಮ್ಮೆ ಒಂದನ್ನೊಂದು ಅಳಿಸುತ್ತವೆ. ಇದೇ ಫೇಡಿಂಗ್. 1800 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 17 ಸೆಂ.ಮೀ. ಅದರ ಅರ್ಧ, ಅಂದರೆ ನಾಲ್ಕು ಬೆರಳಿನಷ್ಟು ಸರಿದರೂ ಚಾನೆಲ್ ಬೇರೆಯೇ ಆಗಿರಬಹುದು.

ಪ್ರತಿ ಕುಸಿತಕ್ಕೂ ಪವರ್ ಏರಿಸಿ ಸರಿದೂಗಿಸುತ್ತೇವೆ ಅಂದುಕೊಳ್ಳಿ. ರೇಲೀ ಫೇಡಿಂಗ್‌ನಲ್ಲಿ ಇದಕ್ಕೆ ಬೇಕಾಗುವ ಸರಾಸರಿ ಪವರ್ ಅನಂತ! ಗೋಲ್ಡ್‌ಸ್ಮಿತ್ ಮತ್ತು ವರೈಯಾ 1997ರಲ್ಲಿ ತೋರಿಸಿದ ಉತ್ತಮ ದಾರಿ ಇದಕ್ಕೆ ವಿರುದ್ಧ. ಏರುತಗ್ಗಿನ ತಳವಿರುವ ತೊಟ್ಟಿಗೆ ನೀರು ತುಂಬಿದಂತೆ: ಚಾನೆಲ್ ಚೆನ್ನಾಗಿದ್ದಾಗ ತಳ ಆಳ, ಅಲ್ಲಿ ಹೆಚ್ಚು ಪವರ್. ಚಾನೆಲ್ ತೀರಾ ಕೆಟ್ಟಾಗ ತಳ ನೀರಿನಿಂದ ಮೇಲೆದ್ದಿರುತ್ತದೆ, ಆಗ ಸುಮ್ಮನಿರೋದೇ ಲಾಭ. ನಮ್ಮ ರೈತರು ಕಣದಲ್ಲಿ ಮಾಡುತ್ತಿದ್ದುದೂ ಇದನ್ನೇ: ಗಾಳಿ ಬಂದಾಗ ತೂರಿಕೊಳ್ಳೋದು.

ಪವರ್ ಜೊತೆ ಮಾಡ್ಯುಲೇಷನ್ನೂ ಬದಲಾಗಬೇಕು. ಒಂದು ಸಿಂಬಲ್‌ನಲ್ಲಿ ಕ್ಯೂಪಿಎಸ್‌ಕೆ 2 ಬಿಟ್, 16-ಕ್ವಾಮ್ 4, 64-ಕ್ವಾಮ್ 6 ಬಿಟ್ ಹೊರುತ್ತದೆ. ಬಿಂದುಗಳು ಒತ್ತೊತ್ತಾಗಿದ್ದಷ್ಟೂ ನಾಯ್ಸ್‌ಗೆ ಸುಲಭದ ತುತ್ತು.

ಹಾಗಾದರೆ ಮಾಡ್ಯುಲೇಷನ್ ಬದಲಾದಾಗಲೆಲ್ಲ ಕೋಡ್ ಹೊಸದಾಗಿ ವಿನ್ಯಾಸ ಮಾಡಬೇಕೇ? ಬೇಡ ಎಂದು ಗೋಲ್ಡ್‌ಸ್ಮಿತ್ ಮತ್ತು ಚುವಾ 1998ರಲ್ಲಿ ತೋರಿಸಿದರು. ಬಿಂದುಗಳನ್ನು ಗುಂಪುಗಳಾಗಿ ವಿಂಗಡಿಸಿ. ಯಾವ ಗುಂಪು ಅನ್ನೋದನ್ನು ಕೋಡ್ ಆದ ಬಿಟ್‌ಗಳು ಆರಿಸಲಿ, ಗುಂಪಿನೊಳಗೆ ಯಾವ ಬಿಂದು ಅನ್ನೋದನ್ನು ಉಳಿದ ಬಿಟ್‌ಗಳು. ಚಾನೆಲ್ ಬದಲಾದಾಗ ಗುಂಪಿನೊಳಗಿನ ಬಿಂದುಗಳ ಸಂಖ್ಯೆಯಷ್ಟೇ ಬದಲಾಗುತ್ತದೆ. ಕೋಡ್ ಹಾಗೇ ಇರುತ್ತದೆ. ಬರೀ ನಾಲ್ಕು ಸ್ಟೇಟ್‌ಗಳ ಟ್ರೆಲಿಸ್ ಕೋಡ್‌ನಿಂದಲೇ ಸುಮಾರು 3 ಡೆಸಿಬೆಲ್ ಗೇನ್ ಸಿಕ್ಕಿತು. ಅಂದರೆ ಅರ್ಧ ಪವರ್ ಸಾಕು!

4ಜಿ ಡೌನ್‌ಲಿಂಕ್ ಹೆಚ್ಚಾಗಿ ನೆಚ್ಚಿಕೊಂಡಿರೋದು ಮಾಡ್ಯುಲೇಷನ್ ಮತ್ತು ಕೋಡ್ ರೇಟ್ ಬದಲಾವಣೆಯನ್ನು. ರೇಟ್ ಹೊಂದಿಸಿಕೊಂಡ ಮೇಲೆ ಪವರ್ ಹೊಂದಿಸುವುದರಿಂದ ಸಿಗುವ ಹೆಚ್ಚುವರಿ ಲಾಭ ಸಾಮಾನ್ಯವಾಗಿ ಚಿಕ್ಕದು. ಫೋನ್ ಚಾನೆಲ್ ಅಳೆದು 0ಯಿಂದ 15ರವರೆಗಿನ ಒಂದು ಅಂಕ ಕಳಿಸುತ್ತದೆ. 0 ಅಂದರೆ ಲಿಂಕ್ ಆಗದು. ಮೂಲ ಪಟ್ಟಿಯ ಪ್ರಕಾರ 1 ಅಂದರೆ ಕ್ಯೂಪಿಎಸ್‌ಕೆ, ಪ್ರತಿ 1024 ಬಿಟ್‌ಗಳಲ್ಲಿ ನಿಜವಾದ ಮಾಹಿತಿ 78 ಮಾತ್ರ. 15 ಅಂದರೆ 64-ಕ್ವಾಮ್, 1024ರಲ್ಲಿ 948. ಒಂದು ಸಿಂಬಲ್‌ಗೆ 0.15 ಬಿಟ್ ಎಲ್ಲಿ, 5.55 ಬಿಟ್ ಎಲ್ಲಿ!

ಇಷ್ಟೆಲ್ಲ ನಿಂತಿರೋದು ಆ ವರದಿ ತಾಜಾ ಇದೆ ಅನ್ನೋ ನಂಬಿಕೆಯ ಮೇಲೆ. ನಡೆದು ಹೋಗುವಾಗ ನಾಲ್ಕು ಬೆರಳು ಸರಿಯಲು ಸುಮಾರು 60 ಮಿಲಿಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದ ಬಸ್ಸಿನಲ್ಲಿ ಬರೀ 5. ವರದಿ ತಲುಪಿ ಜಾರಿಗೆ ಬರುವಷ್ಟರಲ್ಲೇ ಅದು ಹಳಸಿರುತ್ತದೆ. ಅದಕ್ಕೇ ವ್ಯವಸ್ಥೆ ಮೊದಲ ಯತ್ನದಲ್ಲಿ ಸುಮಾರು ಶೇ. 10ರಷ್ಟು ಬ್ಲಾಕ್‌ಗಳು ಕೆಡಬಹುದು ಎಂದು ಒಪ್ಪಿಕೊಂಡೇ ಅಂಕ ಆರಿಸುತ್ತದೆ. ಕೆಟ್ಟವನ್ನು ಮತ್ತೆ ಕಳಿಸುತ್ತದೆ.

ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವವರು ಸಿಮ್ಯುಲೇಷನ್‌ನಲ್ಲಿ ಚಾನೆಲ್ ವರದಿಗೆ ಒಂದೈದು ಮಿಲಿಸೆಕೆಂಡ್ ವಿಳಂಬ ಸೇರಿಸಿ, ವೇಗ ಏರಿಸುತ್ತಾ ಹೋಗಿ ನೋಡಿ. ಗಾಳಿ ಬಂದಾಗ ತೂರೋದು ಸರಿ, ಆದರೆ ಗಾಳಿ ಈಗಲೂ ಬೀಸುತ್ತಿದೆಯೇ ಅಂತ ತಿಳಿಯೋದೇ ನಿಜವಾದ ಎಂಜಿನಿಯರಿಂಗ್.