ಆಟದ ಟ್ಯಾಂಕು, ನಿಜದ ಕವಚ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಕ್ಕಳೂ ಈಗ ಯುದ್ಧದ ವಿಡಿಯೋ ಆಟ ಆಡುತ್ತಾರೆ. ಅಲ್ಲಿ ಕಾಲಾಳೊಬ್ಬ ಹೆಗಲ ಮೇಲಿನ ಆಯುಧದಿಂದ ಟ್ಯಾಂಕನ್ನು ನಾಶಮಾಡುವುದನ್ನು ನೀವು ನೋಡಿರಬಹುದು. ಇದು ಎಷ್ಟು ನಿಜ?

ಇಂಥ ಆಯುಧದ ಸಿಡಿತಲೆಯಲ್ಲಿ ಲೋಹದ, ಸಾಮಾನ್ಯವಾಗಿ ತಾಮ್ರದ, ಪೊಳ್ಳು ಶಂಕುವಿರುತ್ತದೆ. ಸುತ್ತಲಿನ ಸ್ಫೋಟಕ ಸಿಡಿದಾಗ ಶಂಕು ಕುಸಿದು ತೆಳುವಾದ ಧಾರೆಯಾಗಿ ಚಿಮ್ಮುತ್ತದೆ. ಧಾರೆಯ ತುದಿಯ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ. ಆ ವೇಗದಲ್ಲಿ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಐದು ಸೆಕೆಂಡು ಸಾಕು! ಈ ವೇಗ ಸ್ಫೋಟಕದ ಕೊಡುಗೆ. ಆದ್ದರಿಂದ ಸಿಡಿತಲೆ ನಿಧಾನವಾಗಿ ಬಂದು ಬಡಿದರೂ ಕವಚ ತೂತಾಗುತ್ತದೆ. ಆದರೆ ಕೋನ ಮುಖ್ಯ. ಲಂಬದಿಂದ 60 ಡಿಗ್ರಿ ಓರೆಯಾದರೆ ಧಾರೆ 100 ಮಿ.ಮೀ. ಕವಚದಲ್ಲಿ 200 ಮಿ.ಮೀ. ಸಾಗಬೇಕು.

ಅನೇಕ ಆಟಗಳು ಈ ಲೆಕ್ಕ ಬಿಟ್ಟು, ಟ್ಯಾಂಕಿಗೆ ಇಷ್ಟು ಅಂಕವೆಂದು ಕೊಟ್ಟು, ಪ್ರತಿ ಏಟಿಗೂ ಕಳೆಯುತ್ತವೆ. ಒಂದೇ ಏಟಿಗೆ ಟ್ಯಾಂಕು ಹೋದರೆ ಅದನ್ನು ನಡೆಸುವವನಿಗೆ ಆಟವಿಲ್ಲ. ಏಟು ನಾಟದಿದ್ದರೆ ಕಾಲಾಳಿಗಿಲ್ಲ. ಈ ಹೊಂದಾಣಿಕೆ ಅನಿವಾರ್ಯ.

ಅದರಲ್ಲಿ ಮರೆಯಾಗುವುದು ದೂರದ ಬೆಲೆ. ಎರಡನೆಯ ಮಹಾಯುದ್ಧದ ‘ಪಿಯಾಟ್’ ಆಯುಧ ಟ್ಯಾಂಕಿಗೆ ಗುರಿಯಿಡಲು ಸುಮಾರು 100 ಮೀಟರಿನೊಳಗೇ ಉಪಯುಕ್ತ. 1944ರ ಜೂನ್ 12ರಂದು ಮಣಿಪುರದಲ್ಲಿ ಗೂರ್ಖಾ ರೈಫಲ್ಸ್‌ನ ಗಂಜು ಲಾಮಾ, ಮಣಿಕಟ್ಟು ಮುರಿದಿದ್ದರೂ ತೆವಳಿಕೊಂಡು, ಸುಮಾರು 27 ಮೀಟರ್ ಸಮೀಪಿಸಿ ಎರಡು ಜಪಾನಿ ಟ್ಯಾಂಕುಗಳನ್ನು ಕೆಡವಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಆಟದಲ್ಲಿ ಸತ್ತವನು ಮರುಕ್ಷಣ ಎದ್ದು ಬರುತ್ತಾನೆ. ಆ 27 ಮೀಟರಿನ ಅರ್ಥ ಪರದೆಯ ಮೇಲೆ ಕಾಣದು.