ಹುಣಸೆಹುಳಿಗೆ ಸೋಡಾ ಉಕ್ಕುವುದೇಕೆ, ಫೀನಾಲಿಗೆ ಉಕ್ಕದಿರುವುದೇಕೆ?

ತಳಿ, ದೆಂಕಣಿಕೋಟೆ, ಹೊಸೂರು ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮವನ್ನು ಸೇರುವ ನಮ್ಮ ಮಕ್ಕಳು ರಸಾಯನಶಾಸ್ತ್ರದಲ್ಲಿ ಮೊದಲು ಎಡವುವುದು ವಿಷಯದಲ್ಲಲ್ಲ, ಪದಗಳಲ್ಲಿ. ತಮಿಳು ಪುಸ್ತಕದ ‘ಅಮಿಲಂ’ ನಮ್ಮ ‘ಆಮ್ಲ’ವೇ ಆಗಿದೆ, ಎರಡಕ್ಕೂ ಮೂಲ ಸಂಸ್ಕೃತ. ಆದರೆ ಅದೇ ಪುಟದ ‘ಕಾರಂ’ ಮೆಣಸಿನಕಾಯಿಯ ಖಾರವಲ್ಲ, ನಮ್ಮ ಪಠ್ಯಗಳು ‘ಪ್ರತ್ಯಾಮ್ಲ’ ಎನ್ನುವ ವಸ್ತು. ಇದನ್ನು ಒಮ್ಮೆ ಬಿಡಿಸಿಕೊಂಡರೆ ಉಳಿದುದು ಯಾವ ಭಾಷೆಯಲ್ಲಿಯೂ ಒಂದೇ. 12ನೇ ತರಗತಿಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದನ್ನು ಇಲ್ಲಿ ಕನ್ನಡದಲ್ಲಿಯೇ ಬಿಡಿಸಲು ಯತ್ನಿಸಿದ್ದೇವೆ: ಅಸಿಟಿಕ್ ಆಮ್ಲ, ಫೀನಾಲ್, ಎಥನಾಲ್ ಇವುಗಳಲ್ಲಿ ಯಾವುದು ಹೆಚ್ಚು ಆಮ್ಲೀಯ, ಏಕೆ?

ಮೂರರಲ್ಲಿಯೂ ಆಮ್ಲಜನಕಕ್ಕೆ ಅಂಟಿದ ಒಂದು ಹೈಡ್ರೋಜನ್ ಇದೆ. ಅದು ಪ್ರೋಟಾನ್ ಆಗಿ ಕಳಚಿಕೊಂಡು ಹೋಗುವ ಸುಲಭತೆಯೇ ಆಮ್ಲದ ಬಲ. ಅದನ್ನು ಪಿಕೆಎ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಬಲವಾದುದು. ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು. ಅಸಿಟಿಕ್ ಆಮ್ಲಕ್ಕೆ 4.76, ಫೀನಾಲಿಗೆ ಸುಮಾರು 10, ಎಥನಾಲಿಗೆ ಸುಮಾರು 16. ಅಂದರೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವು ಫೀನಾಲಿಗಿಂತ ಒಂದೂವರೆ ಲಕ್ಷ ಪಟ್ಟಿಗೂ ಮಿಗಿಲಾಗಿ ಬಲವುಳ್ಳದ್ದು. ಫೀನಾಲ್ ಎಥನಾಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು.

ಕಾರಣವನ್ನು ಹುಡುಕಬೇಕಾದುದು ಹೊರಟುಹೋದ ಪ್ರೋಟಾನಿನಲ್ಲಲ್ಲ, ಹಿಂದೆ ಉಳಿದ ಋಣ ವಿದ್ಯುದಂಶದಲ್ಲಿ. ಎಥನಾಲಿನಲ್ಲಿ ಆ ಹೊರೆಯನ್ನು ಒಂದೇ ಆಮ್ಲಜನಕವು ಹೊರಬೇಕು. ಫೀನಾಲಿನಲ್ಲಿ ಪಕ್ಕದ ಬೆಂಜೀನ್ ಉಂಗುರವು ಹೆಗಲು ಕೊಡುತ್ತದೆ. ಆದರೆ ಉಂಗುರದಲ್ಲಿರುವುದು ಇಂಗಾಲ, ಋಣ ವಿದ್ಯುದಂಶವನ್ನು ಹೊರಲು ಅದು ಆಮ್ಲಜನಕದಷ್ಟು ಸಮರ್ಥವಲ್ಲ. ಅಸಿಟಿಕ್ ಆಮ್ಲದಲ್ಲಿ ಎರಡು ಆಮ್ಲಜನಕಗಳು ಹೊರೆಯನ್ನು ಸರಿಸಮನಾಗಿ ಹಂಚಿಕೊಳ್ಳುತ್ತವೆ. ಎಷ್ಟು ಸಮನಾಗಿ ಎಂದರೆ, ಅಸಿಟೇಟ್ ಅಯಾನಿನಲ್ಲಿ ಇಂಗಾಲಕ್ಕೂ ಆ ಎರಡು ಆಮ್ಲಜನಕಗಳಿಗೂ ನಡುವಿನ ಬಂಧಗಳ ಉದ್ದವೂ ಒಂದೇ. ಉತ್ತರಪತ್ರಿಕೆಯಲ್ಲಿ ‘ಅನುರಣನದಿಂದ’ ಎಂಬ ಒಂದೇ ಪದ ಬರೆದು ಮುಗಿಸುವ ಅಭ್ಯಾಸ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅನುರಣನ ಫೀನಾಲಿನಲ್ಲಿಯೂ ಇದೆ; ಹೊರೆ ಯಾವ ಪರಮಾಣುವಿನ ಮೇಲೆ ಹಂಚಿಹೋಗುತ್ತದೆ ಎಂಬುದನ್ನು ಹೇಳಿದಾಗಲೇ ಉತ್ತರ ಪೂರ್ಣವಾಗುವುದು.

ಇದರ ಅರ್ಧ ಪರೀಕ್ಷೆಯನ್ನು ನಮ್ಮ ಅಡುಗೆಮನೆಯಲ್ಲಿಯೇ ಮಾಡಬಹುದು. ಕಿವುಚಿದ ಹುಣಸೆರಸಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೊರೆ ಉಕ್ಕುತ್ತದೆ. ಹುಣಸೆಯ ಹುಳಿಗೆ ಮುಖ್ಯ ಕಾರಣವಾದ ಟಾರ್ಟಾರಿಕ್ ಆಮ್ಲದ ಮೊದಲ ಪಿಕೆಎ ಸುಮಾರು 3. ಸೋಡಾದಿಂದ ಹುಟ್ಟುವ ಕಾರ್ಬೋನಿಕ್ ಆಮ್ಲದ್ದು 6.35. ಬಲಶಾಲಿ ಆಮ್ಲವು ತನ್ನ ಪ್ರೋಟಾನನ್ನು ಬೈಕಾರ್ಬೋನೇಟಿನ ಮೇಲೆ ಹೇರುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. 6.35ಕ್ಕಿಂತ ಮೇಲಿರುವ ಫೀನಾಲಿಗೆ ಈ ಶಕ್ತಿಯಿಲ್ಲ. ಅದು ಕಾಸ್ಟಿಕ್ ಸೋಡಾದಲ್ಲಿ ಕರಗುತ್ತದೆ, ಅಡುಗೆ ಸೋಡಾದಲ್ಲಿ ಗುಳ್ಳೆ ಎಬ್ಬಿಸುವುದಿಲ್ಲ. ಎಥನಾಲಿಗೆ ಕಾಸ್ಟಿಕ್ ಸೋಡಾವೂ ಸಾಲದು. ಅದರ ಹೈಡ್ರೋಜನನ್ನು ಬಿಡಿಸಲು ಸೋಡಿಯಂ ಲೋಹವೇ ಬೇಕು. ಫೀನಾಲ್ ಚರ್ಮವನ್ನು ಸುಡುತ್ತದೆ, ಸೋಡಿಯಂ ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಎರಡು ಪರೀಕ್ಷೆಗಳು ಅಧ್ಯಾಪಕರ ಸಮ್ಮುಖದಲ್ಲಿ, ಪ್ರಯೋಗಾಲಯದಲ್ಲಿ ಮಾತ್ರ.

ಹೆಸರನ್ನು ನಂಬಿ ಮೋಸಹೋಗಬಾರದು. ಫೀನಾಲಿನ ಹಳೆಯ ಹೆಸರು ಕಾರ್ಬಾಲಿಕ್ ಆಮ್ಲ. 1865ರಲ್ಲಿ ಜೋಸೆಫ್ ಲಿಸ್ಟರ್ ಗಾಯಗಳು ಕೊಳೆಯದಂತೆ ಬಳಸಿದ್ದು ಇದನ್ನೇ. ಹೆಸರಿನಲ್ಲಿ ಆಮ್ಲವಿದ್ದರೂ ಸೋಡಾದ ಮುಂದೆ ಅದು ಸುಮ್ಮನಿರುತ್ತದೆ. ಆದರೆ ಅದೇ ಫೀನಾಲಿಗೆ ಮೂರು ನೈಟ್ರೋ ಗುಂಪುಗಳು ಸೇರಿದರೆ ಪಿಕ್ರಿಕ್ ಆಮ್ಲ; ಪಿಕೆಎ ಸುಮಾರು 0.4, ಅಸಿಟಿಕ್ ಆಮ್ಲವನ್ನೂ ಬಹುದೂರ ಹಿಂದಿಕ್ಕುತ್ತದೆ. ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ ಕೂಡ ಕಾರ್ಬಾಕ್ಸಿಲ್ ಗುಂಪಿಲ್ಲದೆಯೇ ಅಸಿಟಿಕ್ ಆಮ್ಲಕ್ಕಿಂತ ತುಸು ಬಲವಾಗಿದೆ.

ಪಕ್ಕದಲ್ಲಿ ಇಲೆಕ್ಟ್ರಾನುಗಳನ್ನು ಎಳೆಯುವ ಪರಮಾಣು ಇದ್ದರೆ ಹೊರೆ ಹಗುರವಾಗುತ್ತದೆ. ಬ್ಯುಟನೋಯಿಕ್ ಆಮ್ಲದ ಪಿಕೆಎ 4.82. ಅದರ ಎರಡನೆಯ ಇಂಗಾಲಕ್ಕೆ ಒಂದು ಕ್ಲೋರಿನ್ ಸೇರಿಸಿದರೆ 2.86, ಮೂರನೆಯದಕ್ಕೆ ಸೇರಿಸಿದರೆ 4.05, ನಾಲ್ಕನೆಯದಕ್ಕೆ 4.52. ಕ್ಲೋರಿನ್ ದೂರ ಸರಿದಂತೆಲ್ಲ ಅದರ ಪ್ರಭಾವ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಈ ನಾಲ್ಕು ಸಂಖ್ಯೆಗಳೇ ತೋರಿಸುತ್ತವೆ.

ಇನ್ನು ಕ್ರಿಯಾಶೀಲತೆ. ಹೆಚ್ಚು ಆಮ್ಲೀಯವಾದುದೇ ಹೆಚ್ಚು ಕ್ರಿಯಾಶೀಲ ಎಂದು ಬರೆಯುವವರು ಬಹಳ. ಬ್ರೋಮಿನ್ ನೀರನ್ನು ಕೇಳಿದರೆ ಉತ್ತರ ತಲೆಕೆಳಗಾಗುತ್ತದೆ. ಬೆಂಜೋಯಿಕ್ ಆಮ್ಲ ಫೀನಾಲಿಗಿಂತ ಲಕ್ಷಾಂತರ ಪಟ್ಟು ಬಲವುಳ್ಳದ್ದು. ಆದರೂ ಬ್ರೋಮಿನ್ ನೀರು ಹಾಕಿದೊಡನೆ ಬಿಳಿಯ ಒತ್ತರ ಕೊಡುವುದು ಫೀನಾಲ್. ಅದರ ಆಮ್ಲಜನಕ ಉಂಗುರಕ್ಕೆ ಇಲೆಕ್ಟ್ರಾನುಗಳನ್ನು ತುಂಬುತ್ತದೆ. ಬೆಂಜೋಯಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪು ಉಂಗುರದಿಂದ ಎಳೆದುಕೊಳ್ಳುತ್ತದೆ. ಆದುದರಿಂದ ‘ಯಾವುದು ಕ್ರಿಯಾಶೀಲ’ ಎಂಬ ಪ್ರಶ್ನೆಗೆ ‘ಯಾವುದರೊಡನೆ’ ಎಂಬ ಮರುಪ್ರಶ್ನೆಯಿಲ್ಲದೆ ಅರ್ಥವಿಲ್ಲ.

ಒಂದು ಕಡೆ ಮಾತ್ರ ಆಮ್ಲಬಲದ ಪಟ್ಟಿ ಕ್ರಿಯಾಶೀಲತೆಗೂ ನೇರವಾಗಿ ಒದಗುತ್ತದೆ. ಅಸಿಟೈಲ್ ಕ್ಲೋರೈಡ್, ಅಸಿಟಿಕ್ ಅನ್‌ಹೈಡ್ರೈಡ್, ಎಸ್ಟರ್, ಅಮೈಡ್ ಇವುಗಳ ಮೇಲೆ ನೀರು ಎರಗಿದಾಗ ಒಂದು ಗುಂಪು ಬಿಟ್ಟುಹೋಗಬೇಕು. ಆ ಗುಂಪಿಗೆ ಪ್ರೋಟಾನ್ ಸೇರಿದರೆ ಆಗುವ ವಸ್ತುಗಳು ಕ್ರಮವಾಗಿ ಹೈಡ್ರೋಕ್ಲೋರಿಕ್ ಆಮ್ಲ, ಅಸಿಟಿಕ್ ಆಮ್ಲ, ಆಲ್ಕೊಹಾಲ್, ಅಮೋನಿಯಾ. ಪಿಕೆಎಗಳು ಸುಮಾರು -7, 4.76, 16, 38. ಋಣ ವಿದ್ಯುದಂಶವನ್ನು ಸಲೀಸಾಗಿ ಹೊರುವ ಗುಂಪು ಸಲೀಸಾಗಿ ಬಿಟ್ಟುಹೋಗುತ್ತದೆ. ಅದಕ್ಕೇ ಅಸಿಟೈಲ್ ಕ್ಲೋರೈಡ್ ನೀರು ತಾಗಿದೊಡನೆ ಭೋರ್ಗರೆದರೆ, ಎಸ್ಟರ್ ಆಗಿರುವ ಎಣ್ಣೆಯನ್ನು ಸಾಬೂನು ಮಾಡಲು ಕಾಸ್ಟಿಕ್ ಸೋಡಾದೊಡನೆ ಕುದಿಸಬೇಕಾಗುತ್ತದೆ. ಕಾಳುಬೇಳೆಯ ಪ್ರೋಟೀನಿನಲ್ಲಿರುವ ಅಮೈಡ್ ಬಂಧವಂತೂ ಗಂಟೆಗಟ್ಟಲೆ ಬೇಯಿಸಿದರೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅದನ್ನು ಒಡೆಯುವುದು ಹೊಟ್ಟೆಯೊಳಗಿನ ಕಿಣ್ವಗಳ ಕೆಲಸ. ಅಮೈಡಿನಲ್ಲಿ ಸಾರಜನಕವು ತನ್ನ ಇಲೆಕ್ಟ್ರಾನ್ ಜೋಡಿಯನ್ನು ಇಂಗಾಲದ ಕಡೆಗೆ ಹರಿಯಬಿಡುವುದರಿಂದಲೂ ಬಂಧ ಗಟ್ಟಿಯಾಗುತ್ತದೆ. ಎರಡು ಅಂಕದ ಪ್ರಶ್ನೆಗೆ ಈ ಎರಡೂ ಕಾರಣಗಳನ್ನು ಬರೆಯುವುದು ಒಳಿತು.