ಎರಡೇ ಪಕ್ಷ, ನೂರೆಂಟು ಬಂಡಾಯ

1892ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಸೇರಿದ್ದ ಪೀಪಲ್ಸ್ ಪಾರ್ಟಿಯ ಪ್ರತಿನಿಧಿಗಳು ತಮ್ಮ ಪ್ರಣಾಳಿಕೆಯನ್ನು ಅಂಗೀಕರಿಸಿದರು. ಅವರ ಹಿಂದಿದ್ದದ್ದು ಸಾಲದಲ್ಲಿ ಮುಳುಗಿದ ರೈತರ ಸಿಟ್ಟು. ಹತ್ತಿ, ಗೋಧಿಯ ಬೆಲೆ ಕುಸಿದಿತ್ತು. ಮಾಲು ಸಾಗಿಸಲು ರೈಲ್ವೆ ಕಂಪನಿಗಳು ಕೇಳಿದಷ್ಟು ಬಾಡಿಗೆ ತೆರಬೇಕಿತ್ತು. ದಕ್ಷಿಣದ ರಾಜ್ಯಗಳಲ್ಲಂತೂ ಇನ್ನೂ ಬೆಳೆಯದ ಬೆಳೆಯನ್ನು ಅಂಗಡಿಯವನಿಗೆ ಒತ್ತೆಯಿಟ್ಟು ಬೀಜ, ದಿನಸಿ ತರಬೇಕಿತ್ತು. ರೈಲ್ವೆ ಸರ್ಕಾರದ ಕೈಗೆ ಬರಲಿ, ಬೆಳ್ಳಿ ನಾಣ್ಯ ಧಾರಾಳವಾಗಿ ಟಂಕಿಸಲಿ, ಹೆಚ್ಚು ಗಳಿಸುವವರು ಹೆಚ್ಚು ಆದಾಯ ತೆರಿಗೆ ಕಟ್ಟಲಿ, ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಲಿ ಎಂದು ಅವರು ಕೇಳಿದರು. ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಹೆಚ್ಚು ಮತ, 22 ಎಲೆಕ್ಟೋರಲ್ ಮತ ಬಿದ್ದವು. ಹೆಚ್ಚೂಕಡಿಮೆ ನಾಲ್ಕೇ ವರ್ಷದಲ್ಲಿ ಆ ಪಕ್ಷದ ಕಥೆ ಮುಗಿಯಿತು. ಆದರೆ 1913ರಲ್ಲಿ ಆದಾಯ ತೆರಿಗೆಯೂ ಸೆನೆಟರ್‌ಗಳ ನೇರ ಆಯ್ಕೆಯೂ ಸಂವಿಧಾನದ ತಿದ್ದುಪಡಿಗಳಾಗಿ ಜಾರಿಗೆ ಬಂದವು. ಬೇಡಿಕೆ ಗೆದ್ದು ಪಕ್ಷ ಸತ್ತರೆ ಅದನ್ನು ಗೆಲುವೆನ್ನಬೇಕೇ, ಸೋಲೆನ್ನಬೇಕೇ? ಜನಪ್ರಿಯ ಪ್ರತಿಭಟನೆಗಳು ಎರಡು ಪಕ್ಷಗಳ ವ್ಯವಸ್ಥೆಯನ್ನು ನಿಜಕ್ಕೂ ಅಲುಗಾಡಿಸುತ್ತವೆಯೇ ಎಂಬ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಪಕ್ಷ ಸತ್ತ ಬಗೆಯನ್ನು ಮೊದಲು ನೋಡಬೇಕು. 1896ರಲ್ಲಿ ಷಿಕಾಗೋದಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷ, ಚಿನ್ನದ ನಾಣ್ಯನೀತಿಗೆ ಅಂಟಿಕೊಂಡಿದ್ದ ತನ್ನದೇ ಅಧ್ಯಕ್ಷ ಕ್ಲೀವ್‌ಲೆಂಡ್‌ಗೆ ಬೆನ್ನು ತಿರುಗಿಸಿ, ಬೆಳ್ಳಿಯ ಪರ ಅಬ್ಬರದ ಭಾಷಣ ಮಾಡಿದ 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ನನ್ನು ಅಭ್ಯರ್ಥಿಯಾಗಿ ಆರಿಸಿತು. ಪೀಪಲ್ಸ್ ಪಾರ್ಟಿ ಇಕ್ಕಟ್ಟಿಗೆ ಸಿಕ್ಕಿತು. ಬೇರೆ ಅಭ್ಯರ್ಥಿಯನ್ನು ನಿಲ್ಲಿಸಿದರೆ ಬೆಳ್ಳಿಯ ಮತ ಒಡೆಯುತ್ತದೆ. ಬ್ರಯನ್‌ನನ್ನೇ ಒಪ್ಪಿಕೊಂಡರೆ ತಾನೇ ಉಳಿಯುವುದಿಲ್ಲ. ಅದು ಎರಡನೆಯದನ್ನು ಆರಿಸಿಕೊಂಡಿತು. ಬ್ರಯನ್ ಸೋತ, ಪಕ್ಷ ಕರಗಿತು. ಒಂದು ಸ್ಥಾನಕ್ಕೆ ಒಬ್ಬನೇ, ಅದೂ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ಇರುವಲ್ಲಿ ಮೂರನೆಯವರಿಗೆ ಹಾಕಿದ ಮತ ವ್ಯರ್ಥವೆಂದು ಮತದಾರ ಅಂಜುತ್ತಾನೆ, ಹಾಗಾಗಿ ಕಣದಲ್ಲಿ ಕೊನೆಗೆ ಇಬ್ಬರೇ ಉಳಿಯುತ್ತಾರೆ ಎಂದು ಫ್ರೆಂಚ್ ವಿದ್ವಾಂಸ ಮೊರಿಸ್ ದ್ಯುವೆರ್ಜೆ 1951ರಲ್ಲಿ ಸಿದ್ಧಾಂತ ಕಟ್ಟಿದ. ಒಮಾಹಾದ ರೈತರು ಅದನ್ನು ಅರ್ಧ ಶತಮಾನ ಮೊದಲೇ ಅನುಭವಿಸಿದ್ದರು.

ಆದರೆ ಗಣಿತವೊಂದೇ ಅವರನ್ನು ಸೋಲಿಸಲಿಲ್ಲ. 1888ರವರೆಗೂ ಅಮೆರಿಕದಲ್ಲಿ ಮತಪತ್ರಗಳನ್ನು ಪಕ್ಷಗಳೇ ಅಚ್ಚು ಹಾಕಿಸಿ ಹಂಚುತ್ತಿದ್ದವು. ಎರಡು ದುರ್ಬಲ ಪಕ್ಷಗಳು ಕೂಡಿ ಒಬ್ಬನೇ ಅಭ್ಯರ್ಥಿಯ ಹೆಸರನ್ನು ತಮ್ಮಿಬ್ಬರ ಚೀಟಿಯಲ್ಲೂ ಹಾಕಿಸುವುದಕ್ಕೆ ಅಡ್ಡಿಯಿರಲಿಲ್ಲ. ಆ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರವೇ ಅಚ್ಚು ಹಾಕಿಸುವ ಗುಪ್ತ ಮತಪತ್ರವನ್ನು ತಂದಿತು, ಉಳಿದ ರಾಜ್ಯಗಳು ಬೇಗನೆ ಹಿಂಬಾಲಿಸಿದವು. ಲಂಚ, ಬೆದರಿಕೆ ತಗ್ಗಿಸಿದ ಒಳ್ಳೆಯ ಸುಧಾರಣೆ ಅದು. ಆದರೆ ಯಾರ ಹೆಸರು ಮತಪತ್ರದಲ್ಲಿರಬೇಕೆಂಬ ತೀರ್ಮಾನ ಆಗಲೇ ಅಧಿಕಾರದಲ್ಲಿದ್ದವರ ಕೈಗೆ ಹೋಯಿತು. ಒಬ್ಬ ಅಭ್ಯರ್ಥಿಯ ಹೆಸರು ಎರಡು ಪಕ್ಷಗಳ ಅಡಿ ಬರಕೂಡದೆಂದು 1890ರ ದಶಕದಿಂದಲೇ ಒಂದೊಂದೇ ರಾಜ್ಯ ಕಾನೂನು ಮಾಡಿತು. ಅಂಥ ನಿಷೇಧ ಸರಿಯೆಂದು ಸುಪ್ರೀಂ ಕೋರ್ಟ್ 1997ರಲ್ಲೂ ಹೇಳಿತು. ನಾರ್ತ್ ಕ್ಯಾರೊಲೈನಾದಲ್ಲಿ ಪೀಪಲ್ಸ್ ಪಾರ್ಟಿಯ ಬಿಳಿ ರೈತರೂ ರಿಪಬ್ಲಿಕನ್ ಪಕ್ಷದ ಕಪ್ಪು ಮತದಾರರೂ ಕೂಡಿ ರಾಜ್ಯವನ್ನೇ ಗೆದ್ದಾಗ ಉತ್ತರ ಕಾನೂನಿಗಿಂತ ಕ್ರೂರವಾಗಿ ಬಂತು: 1898ರ ನವೆಂಬರಿನಲ್ಲಿ ವಿಲ್ಮಿಂಗ್ಟನ್ ಪಟ್ಟಣದ ಚುನಾಯಿತ ಆಡಳಿತವನ್ನು ಸಶಸ್ತ್ರ ಬಿಳಿಯರ ಗುಂಪು ಕಿತ್ತುಹಾಕಿತು, ಕಪ್ಪು ಜನರನ್ನು ಕೊಂದಿತು. ನಿಯಮದ ಬುಡಕ್ಕೆ ಕೈ ಹಾಕಿದ ಬಂಡಾಯವನ್ನು ವ್ಯವಸ್ಥೆ ನಯವಾಗಿ ಸಹಿಸಿಕೊಳ್ಳಲಿಲ್ಲ.

ಮುಂದಿನ ತಲೆಮಾರು ಬೇರೆ ದಾರಿ ಹುಡುಕಿತು. ಪಕ್ಷದ ಅಭ್ಯರ್ಥಿಯನ್ನು ಮುಖಂಡರಲ್ಲ, ಮತದಾರರೇ ಆರಿಸಬೇಕೆಂಬ ಪ್ರೈಮರಿ ಪದ್ಧತಿಗೆ ವಿಸ್ಕಾನ್ಸಿನ್ ರಾಜ್ಯದ ಜನ 1904ರಲ್ಲಿ ಒಪ್ಪಿಗೆ ಕೊಟ್ಟರು. ಅದು ಬೇರೆಡೆಗೂ ಹರಡಿತು. ಇದನ್ನು ಚೆನ್ನಾಗಿ ಬಳಸಿಕೊಂಡವರು ನಾರ್ತ್ ಡಕೋಟಾದ ಗೋಧಿ ಬೆಳೆಗಾರರು. ಅಗಸೆ ಬೆಳೆದು ಕೈಸುಟ್ಟುಕೊಂಡಿದ್ದ ಎ. ಸಿ. ಟೌನ್ಲಿ 1915ರಲ್ಲಿ ಕಟ್ಟಿದ ನಾನ್‌ಪಾರ್ಟಿಸನ್ ಲೀಗ್ ಹೊಸ ಪಕ್ಷವಾಗಲು ಹೋಗಲೇ ಇಲ್ಲ. ಅದರ ಕಾರ್ಯಕರ್ತರು ಫೋರ್ಡ್ ಕಾರುಗಳಲ್ಲಿ ತೋಟ ತೋಟಕ್ಕೆ ಹೋಗಿ ಸದಸ್ಯರನ್ನು ಸೇರಿಸಿ, ರಿಪಬ್ಲಿಕನ್ ಪ್ರೈಮರಿಯಲ್ಲಿ ತಮ್ಮವರನ್ನೇ ಗೆಲ್ಲಿಸಿದರು. 1916ರಲ್ಲಿ ಲಿನ್ ಫ್ರೇಜಿಯರ್ ಎಂಬ ರೈತ ಗವರ್ನರ್ ಆದ. 1919ರಲ್ಲಿ ರಾಜ್ಯ ಸರ್ಕಾರದ್ದೇ ಬ್ಯಾಂಕ್ ತೆರೆಯಿತು. ಸರ್ಕಾರಿ ಹಿಟ್ಟಿನ ಗಿರಣಿಯೂ ಬಂತು. ಎರಡೂ ಇಂದಿಗೂ ನಡೆಯುತ್ತಿವೆ. 1921ರಲ್ಲಿ ಫ್ರೇಜಿಯರ್‌ನನ್ನು ಮತದಾರರು ಹುದ್ದೆಯಿಂದ ವಾಪಸ್ ಕರೆಸಿಕೊಂಡರು. ಮರುವರ್ಷವೇ ಸೆನೆಟ್‌ಗೆ ಕಳಿಸಿದರು. ಪೀಪಲ್ಸ್ ಪಾರ್ಟಿ ಹೊರಗೆ ನಿಂತು ಮಾಡಲಾಗದ್ದನ್ನು ಲೀಗ್ ಒಳಹೊಕ್ಕು ಮಾಡಿತು.

ಆಮೇಲಿನ ನೂರು ವರ್ಷಗಳ ಇತಿಹಾಸ ಇದೇ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಿದೆ. 1992ರಲ್ಲಿ ಉದ್ಯಮಿ ರಾಸ್ ಪೆರೊ ಪಕ್ಷೇತರನಾಗಿ ನಿಂತು ಶೇ 19ರಷ್ಟು ಮತ ಪಡೆದ. ಎಲೆಕ್ಟೋರಲ್ ಮತ ಒಂದೂ ದಕ್ಕಲಿಲ್ಲ. 2009ರಲ್ಲಿ ಹುಟ್ಟಿದ ಟೀ ಪಾರ್ಟಿ ಹೆಸರಿಗೆ ಪಾರ್ಟಿಯಾದರೂ ಕೆಲಸ ಮಾಡಿದ್ದು ರಿಪಬ್ಲಿಕನ್ ಪ್ರೈಮರಿಗಳಲ್ಲಿ. 2014ರಲ್ಲಿ ಸಂಸತ್ತಿನ ಕೆಳಮನೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ತನ್ನದೇ ಪಕ್ಷದ ಪ್ರೈಮರಿಯಲ್ಲಿ, ಆ ಅಲೆಯಲ್ಲಿ ಬಂದ ಕಾಲೇಜು ಪ್ರಾಧ್ಯಾಪಕನೊಬ್ಬನ ಎದುರು ಸೋತ. 2011ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ಬೀಡುಬಿಟ್ಟ ಆಕ್ಯುಪೈ ಚಳವಳಿ ನಾಯಕರನ್ನೂ ಅಭ್ಯರ್ಥಿಗಳನ್ನೂ ಬೇಡವೆಂದಿತು. ಎರಡು ತಿಂಗಳಲ್ಲಿ ಪೊಲೀಸರು ಡೇರೆ ಕಿತ್ತರು. ಅದು ಎತ್ತಿದ ಅಸಮಾನತೆಯ ಮಾತಿಗೆ ಚುನಾವಣೆಯ ಬಲ ಬಂದದ್ದು ಪಕ್ಷೇತರ ಸೆನೆಟರ್ ಬರ್ನಿ ಸ್ಯಾಂಡರ್ಸ್ 2016ರ ಡೆಮಾಕ್ರಟಿಕ್ ಪ್ರೈಮರಿಗೆ ಇಳಿದಾಗ. ಪೆರೊ ಕಟ್ಟಿದ ರಿಫಾರ್ಮ್ ಪಾರ್ಟಿಯ ಟಿಕೆಟ್ಟಿಗೆ 2000ದಲ್ಲಿ ಕೈಚಾಚಿ ಹಿಂದೆ ಸರಿದಿದ್ದ ಡೊನಾಲ್ಡ್ ಟ್ರಂಪ್ ಅಧ್ಯಕ್ಷನಾದದ್ದೂ ರಿಪಬ್ಲಿಕನ್ ಪ್ರೈಮರಿ ಗೆದ್ದೇ.

ಇದಕ್ಕೆ ಆಕ್ಷೇಪಗಳಿವೆ. ರಿಪಬ್ಲಿಕನ್ ಪಕ್ಷವೇ 1854ರಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ಹುಟ್ಟಿ, ಆರೇ ವರ್ಷದಲ್ಲಿ ಲಿಂಕನ್‌ರನ್ನು ಗೆಲ್ಲಿಸಲಿಲ್ಲವೇ? ನಿಜ. ಆದರೆ ಆಗಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾಗಿದ್ದ ವಿಗ್ ಪಕ್ಷ ಗುಲಾಮಗಿರಿಯ ಪ್ರಶ್ನೆಯಲ್ಲಿ ಒಳಗೇ ಸೀಳಿತ್ತು, ಸರ್ಕಾರಿ ಮತಪತ್ರವಿರಲಿಲ್ಲ, ಪ್ರೈಮರಿಯೂ ಇರಲಿಲ್ಲ. ಅಷ್ಟಾಗಿಯೂ ಮೂರನೆಯ ಪಕ್ಷ ಬೆಳೆಯಲಿಲ್ಲ. ಎರಡರಲ್ಲಿ ಒಂದು ಬದಲಾಯಿತು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಪಕ್ಷವೊಂದರ ನೀತಿ, ನಾಯಕತ್ವ, ಭಾಷೆ ಎಲ್ಲವೂ ತಲೆಕೆಳಗಾದ ಮೇಲೆ ವ್ಯವಸ್ಥೆ ಹಾಗೇ ಉಳಿಯಿತೆನ್ನುವುದು ಹೆಸರಿಗೆ ಜೋತುಬಿದ್ದಂತಲ್ಲವೇ? ಬಾಳುವವರಿಗೆ ಮುಖ್ಯವಾದದ್ದು ತೆರಿಗೆ, ಬ್ಯಾಂಕು, ಕಾನೂನು. ಅವು ಬದಲಾದದ್ದನ್ನು ಸಣ್ಣದೆನ್ನಲಾಗದು. ಆದರೂ ಆ ಬಂಡಾಯಗಳು ಮನೆಯ ಯಜಮಾನನನ್ನು ಬದಲಿಸಿದವು, ಮನೆಯ ನಕ್ಷೆಯನ್ನಲ್ಲ. ಮತದಾರನ ಮುಂದೆ ಅಂತಿಮವಾಗಿ ಇದ್ದ ಆಯ್ಕೆ ಎರಡೇ. ಅಷ್ಟೇ ಅಲ್ಲ, ಕಡಿಮೆ ಜನ ಮತ ಹಾಕುವ ಪ್ರೈಮರಿಯಲ್ಲಿ ಕಟ್ಟಾಳುಗಳ ಗುಂಪೊಂದು ಗೆದ್ದರೆ, ಅದನ್ನು ಒಪ್ಪದ ಬೆಂಬಲಿಗರೂ ಎದುರು ಪಕ್ಷದ ಭಯಕ್ಕೆ ಅದರ ಬೆನ್ನಿಗೇ ನಿಲ್ಲಬೇಕಾಗುತ್ತದೆ. ಬಂಡಾಯದ ಕಾವು ಎರಡರ ಹಿಡಿತವನ್ನು ಸಡಿಲಿಸುವ ಬದಲು ಬಿಗಿಗೊಳಿಸುತ್ತದೆ.

ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ನಮ್ಮಲ್ಲೂ ಇದೆ, ಇಲ್ಲೇಕೆ ಹತ್ತಾರು ಪಕ್ಷಗಳು ಎಂದು ಕನ್ನಡದ ಓದುಗರು ಕೇಳಬಹುದು. ರಾಜ್ಯಕ್ಕೊಂದು ಬಗೆಯ ಜಾತಿ, ಭಾಷೆ, ಪ್ರದೇಶದ ಸ್ಪರ್ಧೆ ಇರುವುದು ಒಂದು ಕಾರಣ. ಇನ್ನೊಂದು, ಬಿ ಫಾರಂ. ಇಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್; ಒಳಗೆ ಹೊಕ್ಕು ಪಕ್ಷವನ್ನು ಗೆಲ್ಲುವ ದಾರಿ ಕಾರ್ಯಕರ್ತನಿಗಾಗಲಿ ಚಳವಳಿಗಾರನಿಗಾಗಲಿ ಇಲ್ಲ. ಸಿಟ್ಟಾದವರಿಗೆ ಉಳಿಯುವುದು ಹೊಸ ಪಕ್ಷ. 2011ರ ಭ್ರಷ್ಟಾಚಾರ ವಿರೋಧಿ ಚಳವಳಿಯಿಂದ ಮರುವರ್ಷ ಆಮ್ ಆದ್ಮಿ ಪಕ್ಷ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ಅಂಥ ಪಕ್ಷ ಬೇರೂರದಿರುವುದಕ್ಕೆ ಬಂಡಾಯಗಾರರು ದುರ್ಬಲರೆಂಬುದು ಕಾರಣವಲ್ಲ. ಅವರಿಗೆ ಒಳಗೆ ಬರಲು ಬಾಗಿಲು ತೆರೆದಿರುವುದೇ ಕಾರಣ.

ಹಾಗಾದರೆ ನಿಜವಾದ ಸವಾಲು ಯಾವುದು? ಮತ ಎಣಿಸುವ ಕ್ರಮವನ್ನೇ ಬದಲಿಸುವುದು. ಅಭ್ಯರ್ಥಿಗಳನ್ನು ಮೊದಲನೆಯ, ಎರಡನೆಯ ಆಯ್ಕೆಯೆಂದು ಗುರುತಿಸುವ ಮತದಾನಕ್ಕೆ ಮೇನ್ ರಾಜ್ಯದ ಜನ 2016ರಲ್ಲಿ ಒಪ್ಪಿಗೆ ಕೊಟ್ಟರು. ಈ ಕ್ರಮದಲ್ಲಿ ಮೂರನೆಯವರಿಗೆ ಹಾಕಿದ ಮತ ವ್ಯರ್ಥವಾಗುವುದಿಲ್ಲ. ಶಾಸನಸಭೆ ಮರುವರ್ಷವೇ ಅದನ್ನು ಮುಂದೂಡಲು ನೋಡಿತು. 2018ರಲ್ಲಿ ಜನ ಮತ್ತೆ ಮತ ಹಾಕಿ ಉಳಿಸಿಕೊಂಡರು. 2020ರಲ್ಲಿ ಅಲಾಸ್ಕಾ ಸೇರಿತು. 2024ರಲ್ಲಿ ಕೊಲೊರಾಡೊ, ಐಡಾಹೊ, ನೆವಾಡ, ಒರೆಗಾನ್ ರಾಜ್ಯಗಳಲ್ಲಿ ಇಂಥ ಪ್ರಸ್ತಾವಗಳು ಬಿದ್ದುಹೋದವು. ಬೀದಿ ತುಂಬುವ ಸಿಟ್ಟು ಈ ಒಣ ನಿಯಮಗಳತ್ತ ಹರಿಯುವುದು ಅಪರೂಪ. ಯಾವನನ್ನೋ ಇಳಿಸುವ ಘೋಷಣೆಗೆ ಸೇರುವಷ್ಟು ಜನ ಮತಪತ್ರದ ಕಾಯ್ದೆ ತಿದ್ದಲು ಸೇರುವುದಿಲ್ಲ. ಎರಡೂ ಪಕ್ಷಗಳ ಆಯುಷ್ಯಕ್ಕೆ ಇದಕ್ಕಿಂತ ದೊಡ್ಡ ಭದ್ರತೆ ಬೇಕಿಲ್ಲ. ಮುಂದಿನ ಬಂಡಾಯ ಎದ್ದಾಗ ಅದು ಯಾರನ್ನು ಬೈಯುತ್ತಿದೆ ಎಂಬುದಕ್ಕಿಂತ, ಯಾವ ನಿಯಮವನ್ನು ಬದಲಿಸಲು ಕೇಳುತ್ತಿದೆ ಎಂಬುದನ್ನು ನೋಡುವುದು ಮೇಲು.